ಎಂಜಿನ್ ನಿಂತರೂ ನಿಲ್ಲದ ದನಿ: ಮಾರ್ಕೋನಿ

ಗುಂಡ್ಲುಪೇಟೆಯ ಬಸ್ ನಿಲ್ದಾಣದ ಬಳಿಯೋ ಚಾಮರಾಜನಗರದ ಸಂತೆಯ ಬಳಿಯೋ ನಿಂತಿರುವ ಟ್ರ್ಯಾಕ್ಟರುಗಳನ್ನು ನೀವು ನೋಡಿರುತ್ತೀರಿ. ಚಾಲಕ ಎಂಜಿನ್ ನಿಲ್ಲಿಸಿ ಟೀ ಕುಡಿಯಲು ಹೋಗಿರುತ್ತಾನೆ. ಆದರೂ ಅದರಲ್ಲಿರುವ ರೇಡಿಯೊ ಹಾಡುತ್ತಲೇ ಇರುತ್ತದೆ. ಇನ್ನು ಕೆಲವು ವಾಹನಗಳಲ್ಲಿ ಹಾಗಲ್ಲ. ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದ ಕೂಡಲೇ ರೇಡಿಯೊ ಕೂಡ ಬಾಯಿ ಮುಚ್ಚುತ್ತದೆ. ಎರಡರಲ್ಲೂ ಇರುವುದು ಒಂದೇ ಬಗೆಯ ರೇಡಿಯೊ, ಒಂದೇ ಬಗೆಯ ಬ್ಯಾಟರಿ. ಹಾಗಾದರೆ ಈ ವ್ಯತ್ಯಾಸ ಏಕೆ?

ಉತ್ತರ ಇರುವುದು ವೈರು ಹೋಗಿರುವ ದಾರಿಯಲ್ಲಿ. ನೆಲದ ಮೇಲೆ ಇದು ಹಾಡು ಕೇಳುವ ಸಣ್ಣ ವಿಷಯ. ರೇಡಿಯೊ ನಿಂತರೆ ನಷ್ಟವೇನೂ ಇಲ್ಲ. ಆದರೆ ಸಮುದ್ರದ ನಡುವೆ ಒಂದು ಹಡಗಿನ ಎಂಜಿನ್ ಕೆಟ್ಟು ನಿಂತಿತು ಎನ್ನಿ. ಸುತ್ತ ನೀರು, ಮೇಲೆ ಮಂಜು. ಸಹಾಯಕ್ಕಾಗಿ ಕೂಗಬೇಕಾದುದು ಆ ಗಳಿಗೆಯಲ್ಲಿಯೇ. ಎಂಜಿನ್ನಿನ ಜೊತೆ ರೇಡಿಯೊ ಕೂಡ ಸತ್ತರೆ ಗತಿಯೇನು? ಹಡಗುಗಳಿಗೆ ರೇಡಿಯೊ ಎಂಬ ದನಿಯನ್ನು ತಂದುಕೊಟ್ಟವನು ಮಾರ್ಕೋನಿ. ಎಂಜಿನ್ ನಿಂತ ಮೇಲೂ ಆ ದನಿ ಉಳಿಯಬೇಕು ಎಂಬ ಪಾಠವನ್ನು ಜಗತ್ತು ಕಲಿತದ್ದು ಆತನ ಕಾಲದಲ್ಲಿಯೇ. ಬನ್ನಿ, ಆ ಕಥೆಯನ್ನು ತಿಳಿಯೋಣ.

ಕಾಲೇಜು ಸೇರದ ಹುಡುಗ

ಗುಗ್ಲಿಯೆಲ್ಮೊ ಮಾರ್ಕೋನಿ ಹುಟ್ಟಿದ್ದು 1874ರ ಏಪ್ರಿಲ್ 25ರಂದು, ಇಟಲಿಯ ಬೊಲೋನ್ಯಾ ನಗರದಲ್ಲಿ. ತಂದೆ ಜುಸೆಪ್ಪೆ ಜಮೀನುದಾರ. ತಾಯಿ ಆನಿ ಜೇಮ್ಸನ್ ಐರ್ಲೆಂಡಿನವಳು. ಊರ ಹೊರಗೆ ಪೊಂಟೆಕ್ಕಿಯೊ ಎಂಬಲ್ಲಿ ಅವರಿಗೆ ಹೊಲ, ತೋಟಗಳಿಂದ ಸುತ್ತುವರಿದ ದೊಡ್ಡ ಮನೆ ಇತ್ತು.

ಹುಡುಗ ಹೆಚ್ಚಾಗಿ ಮನೆಯಲ್ಲಿಯೇ ಉಪಾಧ್ಯಾಯರಿಂದ ಪಾಠ ಕಲಿತ. ವಿಶ್ವವಿದ್ಯಾನಿಲಯಕ್ಕೆ ಸೇರಲು ಆತನಿಗೆ ಆಗಲಿಲ್ಲ. ಆದರೆ ವಿದ್ಯುತ್ತಿನ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದ. ತಂತಿ ಸುತ್ತಿ, ಬ್ಯಾಟರಿ ಜೋಡಿಸಿ ಏನಾದರೂ ಮಾಡುತ್ತಲೇ ಇರುತ್ತಿದ್ದ. ನೆರೆಯಲ್ಲಿದ್ದ ಭೌತಶಾಸ್ತ್ರದ ಪ್ರಾಧ್ಯಾಪಕ ಅಗಸ್ಟೊ ರೀಗಿ ಆತನಿಗೆ ಪ್ರಯೋಗಾಲಯವನ್ನೂ ಪುಸ್ತಕಗಳನ್ನೂ ನೋಡಲು ಅವಕಾಶ ಕೊಟ್ಟರು. ಮಗನ ಈ ಆಸಕ್ತಿಗೆ ಬೆನ್ನೆಲುಬಾಗಿ ನಿಂತವಳು ತಾಯಿ.

1894ರಲ್ಲಿ ಜರ್ಮನಿಯ ವಿಜ್ಞಾನಿ ಹೈನ್ರಿಚ್ ಹರ್ಟ್ಸ್ ತೀರಿಕೊಂಡರು. ವಿದ್ಯುತ್ ಕಿಡಿ ಹಾರಿದಾಗ ಕಣ್ಣಿಗೆ ಕಾಣದ ಅಲೆಗಳು ಹೊರಟು ಬೆಳಕಿನಂತೆಯೇ ಸಾಗುತ್ತವೆ ಎಂದು ಪ್ರಯೋಗದಿಂದ ತೋರಿಸಿದ್ದವರು ಅವರು. ಅವರ ಕೆಲಸದ ಬಗ್ಗೆ ಬಂದ ಲೇಖನವನ್ನು ಓದಿದಾಗ ಮಾರ್ಕೋನಿಗೆ 20 ವರ್ಷ. ಈ ಅಲೆಗಳ ಮೂಲಕ, ತಂತಿಯೇ ಇಲ್ಲದೆ, ಸುದ್ದಿ ಕಳುಹಿಸಬಾರದೇಕೆ ಎಂಬ ಯೋಚನೆ ಆತನ ತಲೆಯನ್ನು ಹೊಕ್ಕಿತು.

ಅಟ್ಟದ ಮೇಲಿನ ಪ್ರಯೋಗಶಾಲೆ

ಮನೆಯ ಮೇಲಂತಸ್ತಿನಲ್ಲಿದ್ದ ಅಟ್ಟವೇ ಪ್ರಯೋಗಶಾಲೆಯಾಯಿತು. ಒಂದು ಕಡೆ ಕಿಡಿ ಹಾರಿಸುವ ಪ್ರೇಷಕ. ಅದಕ್ಕೆ ಬ್ಯಾಟರಿ, ತಂತಿಯ ಸುರುಳಿ ಮತ್ತು ಒತ್ತುವ ಕೀಲಿ. ಕೀಲಿ ಒತ್ತಿದರೆ ಕಿಡಿ ಹಾರಿ ಅಲೆಗಳು ಹೊರಡುತ್ತವೆ. ಇನ್ನೊಂದು ಕಡೆ ಅಲೆಗಳನ್ನು ಹಿಡಿಯುವ ಗ್ರಾಹಕ.

ಗ್ರಾಹಕದ ಜೀವಾಳ ಒಂದು ಪುಟ್ಟ ಗಾಜಿನ ಕೊಳವೆ. ಅದರೊಳಗೆ ಲೋಹದ ಪುಡಿ. ಸಾಮಾನ್ಯವಾಗಿ ಪುಡಿಯ ಕಣಗಳು ಬಿಡಿಬಿಡಿಯಾಗಿರುವುದರಿಂದ ಅದರ ಮೂಲಕ ವಿದ್ಯುತ್ ಸರಿಯಾಗಿ ಹರಿಯದು. ರೇಡಿಯೊ ಅಲೆ ಬಂದು ತಾಗಿದಾಗ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಗ ವಿದ್ಯುತ್ ಹರಿದು ಗಂಟೆ ಬಾರಿಸುತ್ತದೆ. ಒಂದು ಪುಟ್ಟ ಸುತ್ತಿಗೆ ಕೊಳವೆಯನ್ನು ತಟ್ಟಿದರೆ ಕಣಗಳು ಮತ್ತೆ ಬಿಡಿಯಾಗಿ ಮುಂದಿನ ಅಲೆಗೆ ಸಿದ್ಧವಾಗುತ್ತವೆ. ಫ್ರಾನ್ಸಿನ ಬ್ರಾನ್ಲಿ, ಇಂಗ್ಲೆಂಡಿನ ಲಾಡ್ಜ್ ಮೊದಲೇ ಬಳಸಿದ್ದ ಈ ಸಾಧನವನ್ನು ಮಾರ್ಕೋನಿ ಸುಧಾರಿಸಿದ.

ಕೋಣೆಯೊಳಗೆ ಗಂಟೆ ಬಾರಿಸಿತು. ಆಮೇಲೆ ಪ್ರಯೋಗ ಅಂಗಳಕ್ಕೆ ಇಳಿಯಿತು. ದೂರ ಹೆಚ್ಚಿದಂತೆ ಅಲೆ ಸೋಲುತ್ತಿತ್ತು. ಮಾರ್ಕೋನಿ ಹಲವು ಬಗೆಯಲ್ಲಿ ಪ್ರಯತ್ನಿಸಿದ. ಪ್ರೇಷಕದ ಒಂದು ತುದಿಯ ತಂತಿಯನ್ನು ಎತ್ತರಕ್ಕೆ ಏರಿಸಿ, ಇನ್ನೊಂದು ತುದಿಯನ್ನು ನೆಲದೊಳಗೆ ಹೂತಾಗ ದೂರ ಥಟ್ಟನೆ ಹೆಚ್ಚಿತು. ಎತ್ತರದ ಆ ತಂತಿಯೇ ಆಂಟೆನಾ.

1895ರಲ್ಲಿ ಆತ ಒಂದು ಪರೀಕ್ಷೆ ಮಾಡಿದ. ಗ್ರಾಹಕವನ್ನು ಮನೆಯ ಮುಂದಿನ ಗುಡ್ಡದ ಆಚೆಗೆ ಕಳುಹಿಸಿದ. ಅಲ್ಲಿಗೆ ಕಣ್ಣು ಹಾಯುವಂತಿರಲಿಲ್ಲ. ಅಣ್ಣ ಅಲ್ಫೋನ್ಸೊ ಕೈಯಲ್ಲಿ ಬಂದೂಕು ಹಿಡಿದು ಗ್ರಾಹಕದ ಬಳಿ ಕಾಯುತ್ತಿದ್ದ. ಸಂಕೇತ ಬಂದರೆ ಗುಂಡು ಹಾರಿಸಬೇಕು ಎಂದು ಮಾತಾಗಿತ್ತು. ಮಾರ್ಕೋನಿ ಮನೆಯಲ್ಲಿ ಕುಳಿತು ಕೀಲಿ ಒತ್ತಿದ. ಗುಡ್ಡದ ಆಚೆಯಿಂದ ಗುಂಡಿನ ಸದ್ದು ಕೇಳಿಸಿತು! ಅಲೆಗಳು ಗುಡ್ಡವನ್ನೂ ದಾಟಿ ಎರಡು ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗಿದ್ದವು.

ಇಲ್ಲಿ ಒಂದು ಮಾತು ನೆನಪಿಡಿ. ಅದೇ 1895ರಲ್ಲಿ ನಮ್ಮ ದೇಶದ ಜಗದೀಶ್ ಚಂದ್ರ ಬೋಸ್ ಅವರು ಕಲ್ಕತ್ತೆಯಲ್ಲಿ ಇಂಥ ಅಲೆಗಳನ್ನು ಗೋಡೆಯ ಮೂಲಕ ಹಾಯಿಸಿ ದೂರದ ಗಂಟೆ ಬಾರಿಸಿ ತೋರಿಸಿದ್ದರು. ಬೋಸ್ ಅವರಿಗೆ ಅಲೆಗಳ ಗುಣವನ್ನು ತಿಳಿಯುವುದರಲ್ಲಿ ಆಸಕ್ತಿ. ಮಾರ್ಕೋನಿಗೆ ಅವುಗಳಿಂದ ಸುದ್ದಿ ಕಳುಹಿಸುವುದರಲ್ಲಿ ಆಸಕ್ತಿ. ಹರ್ಟ್ಸ್, ಲಾಡ್ಜ್, ಟೆಸ್ಲಾ, ಪೊಪೋವ್ ಮುಂತಾದ ಹಲವರ ಶ್ರಮವೂ ರೇಡಿಯೊ ಹುಟ್ಟಿನಲ್ಲಿ ಸೇರಿದೆ. ಅದನ್ನು ಒಬ್ಬನೇ ಕಂಡುಹಿಡಿದ ಎನ್ನುವುದು ಸರಿಯಲ್ಲ.

ಸಮುದ್ರದ ಕಡೆಗೆ

1896ರಲ್ಲಿ ತಾಯಿ ಮಗನನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋದಳು. ಅಲ್ಲಿ ಆತ ಪೇಟೆಂಟಿಗೆ ಅರ್ಜಿ ಹಾಕಿದ. ಅಂಚೆ ಇಲಾಖೆಯ ಮುಖ್ಯ ಎಂಜಿನಿಯರ್ ವಿಲಿಯಂ ಪ್ರೀಸ್ ಬೆಂಬಲ ನೀಡಿದರು. 1897ರ ಮೇ ತಿಂಗಳಲ್ಲಿ ಬ್ರಿಸ್ಟಲ್ ಕಾಲುವೆಯ ಒಂದು ದ್ವೀಪದಿಂದ ದಡಕ್ಕೆ, ನೀರಿನ ಮೇಲೆ ಸುಮಾರು 6 ಕಿ.ಮೀ. ದೂರ, ಸಂಕೇತ ತಲುಪಿತು. ಅದೇ ವರ್ಷ ಮಾರ್ಕೋನಿಯ ಕಂಪನಿ ಸ್ಥಾಪನೆಯಾಯಿತು.

ಊರಿಂದ ಊರಿಗೆ ಸುದ್ದಿ ಕಳುಹಿಸಲು ಆಗಲೇ ಟೆಲಿಗ್ರಾಫ್ ತಂತಿಗಳಿದ್ದವು. ಆದರೆ ಸಾಗುವ ಹಡಗಿನ ಹಿಂದೆ ತಂತಿ ಎಳೆದುಕೊಂಡು ಹೋಗಲು ಸಾಧ್ಯವೇ? ದಡ ಬಿಟ್ಟ ಹಡಗು ಇನ್ನೊಂದು ಬಂದರು ಸೇರುವವರೆಗೆ ಅದರ ಸುದ್ದಿಯೇ ಇರುತ್ತಿರಲಿಲ್ಲ. ತಂತಿ ಇಲ್ಲದ ಸುದ್ದಿಯ ಅಗತ್ಯ ಎಲ್ಲಕ್ಕಿಂತ ಹೆಚ್ಚಾಗಿ ಇರುವುದು ಸಮುದ್ರದಲ್ಲಿ ಎಂದು ಮಾರ್ಕೋನಿ ಸರಿಯಾಗಿಯೇ ಗುರುತಿಸಿದ.

1898ರ ಜುಲೈನಲ್ಲಿ ಐರ್ಲೆಂಡಿನ ಕಿಂಗ್ಸ್‌ಟೌನ್ ಬಂದರಿನ ಬಳಿ ಹಾಯಿದೋಣಿಗಳ ಪಂದ್ಯ ನಡೆಯಿತು. ಫ್ಲೈಯಿಂಗ್ ಹಂಟ್ರೆಸ್ ಎಂಬ ಪುಟ್ಟ ಉಗಿಹಡಗಿನಲ್ಲಿ ಮಾರ್ಕೋನಿ ತನ್ನ ಪ್ರೇಷಕವನ್ನು ಇಟ್ಟುಕೊಂಡು ಪಂದ್ಯದ ದೋಣಿಗಳ ಬೆನ್ನು ಹತ್ತಿದ. ಯಾವ ದೋಣಿ ಮುಂದಿದೆ, ಯಾವುದು ಹಿಂದೆ ಬಿತ್ತು ಎಂಬ ಸುದ್ದಿ ದಡಕ್ಕೆ, ಅಲ್ಲಿಂದ ಡಬ್ಲಿನ್ ನಗರದ ಪತ್ರಿಕೆಗೆ ಹೋಗುತ್ತಿತ್ತು. ದೋಣಿಗಳು ಹಿಂದಿರುಗುವ ಮೊದಲೇ ಪಂದ್ಯದ ವರದಿ ಜನರಿಗೆ ಸಿಕ್ಕಿತು.

ಅದೇ ವರ್ಷದ ಕೊನೆಯಲ್ಲಿ ಈಸ್ಟ್ ಗುಡ್ವಿನ್ ಎಂಬ ದೀಪದ ಹಡಗಿಗೆ ಮಾರ್ಕೋನಿಯ ಸಾಧನವನ್ನು ಜೋಡಿಸಲಾಯಿತು. ದೀಪದ ಹಡಗು ಎಂದರೆ ಅಪಾಯಕಾರಿ ಮರಳದಿಬ್ಬದ ಬಳಿ ಲಂಗರು ಹಾಕಿ ನಿಂತು, ಬೆಳಕು ತೋರಿಸಿ ಇತರ ಹಡಗುಗಳನ್ನು ಎಚ್ಚರಿಸುವ ಹಡಗು. ಅದು ನಿಂತಲ್ಲೇ ನಿಲ್ಲುವುದರಿಂದ ಅದನ್ನು ನಡೆಸಲು ಎಂಜಿನ್ನೇ ಇರಲಿಲ್ಲ. ಕಿಡಿ ಹಾರಿಸುವ ಸುರುಳಿಗೆ ಬ್ಯಾಟರಿಯೇ ಆಧಾರ. 1899ರ ಏಪ್ರಿಲಿನಲ್ಲಿ ಮಂಜು ಕವಿದಿದ್ದಾಗ ಒಂದು ಉಗಿಹಡಗು ಬಂದು ಈ ದೀಪದ ಹಡಗಿಗೇ ಡಿಕ್ಕಿ ಹೊಡೆಯಿತು. ಅದರಲ್ಲಿದ್ದವರು ರೇಡಿಯೊ ಮೂಲಕ ದಡಕ್ಕೆ ಸುದ್ದಿ ಕಳುಹಿಸಿ ಸಹಾಯ ಪಡೆದರು. ಎಂಜಿನ್ ಇಲ್ಲದ ಹಡಗೂ ಮಾತನಾಡಬಲ್ಲದು ಎಂಬುದು ಹೀಗೆ ಬಹಳ ಬೇಗ ತಿಳಿಯಿತು.

ಸಾಗರದ ಆಚೆಗೆ

1899ರ ಮಾರ್ಚಿನಲ್ಲಿ ಮಾರ್ಕೋನಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ ಸುಮಾರು 50 ಕಿ.ಮೀ. ಸಂಕೇತ ಕಳುಹಿಸಿದ್ದ. ಗುಂಡ್ಲುಪೇಟೆಯಿಂದ ಮೈಸೂರಿಗೆ ಇರುವ ದಾರಿಗಿಂತ ಇದು ಸ್ವಲ್ಪ ಕಡಿಮೆ. ಮುಂದಿನ ಗುರಿ ಅಟ್ಲಾಂಟಿಕ್ ಸಾಗರ. ಭೂಮಿ ಗುಂಡಗಿದೆ, ಅಲೆಗಳು ನೇರವಾಗಿ ಹೋಗಿ ಆಕಾಶ ಸೇರುತ್ತವೆ, ಸಾಗರ ದಾಟಲಾರವು ಎಂದು ಹಲವು ವಿಜ್ಞಾನಿಗಳು ಭಾವಿಸಿದ್ದರು.

ಇಂಗ್ಲೆಂಡಿನ ಪೋಲ್ಡು ಎಂಬಲ್ಲಿ ದೊಡ್ಡ ಪ್ರೇಷಕ ಕೇಂದ್ರ ಕಟ್ಟಲಾಯಿತು. ಬಿರುಗಾಳಿಗೆ ಅದರ ಆಂಟೆನಾ ಕಂಬಗಳು ಉರುಳಿದವು. ಮಾರ್ಕೋನಿ ಎದೆಗುಂದದೆ ಮತ್ತೆ ಕಟ್ಟಿಸಿದ. ತಾನು ಸಾಗರದ ಆಚೆ ನ್ಯೂಫೌಂಡ್‌ಲೆಂಡಿಗೆ ಹೋಗಿ, ಬೀಸುವ ಗಾಳಿಯಲ್ಲಿ ಗಾಳಿಪಟ ಹಾರಿಸಿ ಅದರಿಂದ ಆಂಟೆನಾ ತಂತಿಯನ್ನು ಇಳಿಬಿಟ್ಟ. 1901ರ ಡಿಸೆಂಬರ್ 12ರಂದು, ಸುಮಾರು 3,400 ಕಿ.ಮೀ. ದೂರದಿಂದ ಬಂದ ಮೂರು ಚುಕ್ಕೆಗಳ ಸದ್ದು ತನಗೆ ಕೇಳಿಸಿತು ಎಂದು ಆತ ವರದಿ ಮಾಡಿದ. ಮೋರ್ಸ್ ಸಂಕೇತದಲ್ಲಿ ಮೂರು ಚುಕ್ಕೆ ಎಂದರೆ ಇಂಗ್ಲಿಷಿನ ಎಸ್ ಅಕ್ಷರ. ಅದು ಕಿವಿಗೆ ಕೇಳಿದ್ದು ಮಾತ್ರ, ಕಾಗದದ ಮೇಲೆ ದಾಖಲಾಗಿರಲಿಲ್ಲ. ಹಾಗಾಗಿ ಅನುಮಾನಪಟ್ಟವರೂ ಇದ್ದರು. 1902ರ ಫೆಬ್ರವರಿಯಲ್ಲಿ ಮಾರ್ಕೋನಿ ಫಿಲಡೆಲ್ಫಿಯಾ ಎಂಬ ಹಡಗಿನಲ್ಲಿ ಪಯಣಿಸುತ್ತಾ, ಬಂದ ಸಂಕೇತಗಳನ್ನು ಕಾಗದದ ಪಟ್ಟಿಯ ಮೇಲೆ ಮುದ್ರಿಸಿಯೇ ತೋರಿಸಿದ. ಅಲೆಗಳು ಹಗಲಿಗಿಂತ ರಾತ್ರಿ ಹೆಚ್ಚು ದೂರ ಹೋಗುತ್ತವೆ ಎಂಬುದೂ ಆಗ ತಿಳಿಯಿತು. ವಾತಾವರಣದ ಮೇಲ್ಭಾಗದಲ್ಲಿರುವ ಅಯಾನುಗೋಳ ಎಂಬ ಪದರ ಅಲೆಗಳನ್ನು ಮತ್ತೆ ನೆಲದ ಕಡೆಗೆ ಬಾಗಿಸುತ್ತದೆ ಎಂಬುದು ಖಚಿತವಾದದ್ದು 1920ರ ದಶಕದಲ್ಲಿ.

ಅದೇ 1902ರಲ್ಲಿ ನಮ್ಮ ಜಿಲ್ಲೆಯ ಅಂಚಿನಲ್ಲಿ ಏನಾಯಿತು ಗೊತ್ತೇ? ಕಾವೇರಿ ಧುಮುಕುವ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಾಗಿ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಅಲ್ಲಿ ತಂತಿಯ ಮೂಲಕ ಶಕ್ತಿ ಹೋಯಿತು. ಇಲ್ಲಿ ತಂತಿಯಿಲ್ಲದೆ ಸುದ್ದಿ ಹೋಯಿತು.

ಕತ್ತಲಾದ ಹಡಗಿನಿಂದ ಬಂದ ಕರೆ

ಕೆಲವೇ ವರ್ಷಗಳಲ್ಲಿ ದೊಡ್ಡ ಪ್ರಯಾಣಿಕ ಹಡಗುಗಳಲ್ಲಿ ಮಾರ್ಕೋನಿ ಕಂಪನಿಯ ರೇಡಿಯೊ ಕೋಣೆಗಳು ಬಂದವು. ಕಂಪನಿಯ ನೌಕರನೊಬ್ಬ ಅಲ್ಲಿ ಕುಳಿತು ಚುಕ್ಕೆ, ಗೆರೆಗಳ ಮೋರ್ಸ್ ಸಂಕೇತದಲ್ಲಿ ಸುದ್ದಿ ಕಳುಹಿಸುತ್ತಿದ್ದ. ಅಪಾಯದ ಕರೆಗೆ ಕಂಪನಿ 1904ರಲ್ಲಿ ಸಿ.ಕ್ಯೂ.ಡಿ. ಎಂಬ ಸಂಕೇತವನ್ನು ಗೊತ್ತುಮಾಡಿತು. ಎಸ್.ಓ.ಎಸ್. ಬಳಕೆಗೆ ಬಂದದ್ದು ಆಮೇಲೆ.

1909ರ ಜನವರಿ 23. ಅಮೆರಿಕದ ನ್ಯಾನ್‌ಟಕೆಟ್ ದ್ವೀಪದ ಬಳಿ ಬೆಳಗಿನ ಜಾವ. ದಟ್ಟ ಮಂಜು. ರಿಪಬ್ಲಿಕ್ ಎಂಬ ದೊಡ್ಡ ಹಡಗಿಗೆ ಫ್ಲೋರಿಡಾ ಎಂಬ ಇಟಲಿಯ ಹಡಗು ಪಕ್ಕದಿಂದ ಗುದ್ದಿತು. ರಿಪಬ್ಲಿಕ್‌ನ ಎಂಜಿನ್ ಕೋಣೆಗೆ ನೀರು ನುಗ್ಗಿತು. ಎಂಜಿನ್ ನಿಂತಿತು. ವಿದ್ಯುತ್ ತಯಾರಿಸುವ ಡೈನಮೊ ನಿಂತಿತು. ಹಡಗಿನ ದೀಪಗಳೆಲ್ಲ ಆರಿದವು.

ರೇಡಿಯೊ ಕೋಣೆಯಲ್ಲಿದ್ದವನು ಜಾಕ್ ಬಿನ್ಸ್ ಎಂಬ ಯುವಕ. ಡಿಕ್ಕಿಗೆ ಕೋಣೆಯ ಗೋಡೆಯೇ ಒಡೆದಿತ್ತು. ಡೈನಮೊದ ವಿದ್ಯುತ್ ಇಲ್ಲದೆ ಪ್ರೇಷಕ ನಿರ್ಜೀವವಾಗಿತ್ತು. ಆದರೆ ಹಡಗಿನಲ್ಲಿ ತುರ್ತು ಬಳಕೆಗೆಂದು ಬ್ಯಾಟರಿಗಳಿದ್ದವು. ಬಿನ್ಸ್ ಕತ್ತಲಲ್ಲೇ ಅವುಗಳನ್ನು ಪ್ರೇಷಕಕ್ಕೆ ಜೋಡಿಸಿದ. ಕಿಡಿ ಹಾರಿತು!

ಬ್ಯಾಟರಿಯ ಶಕ್ತಿ ಕಡಿಮೆ. ಆದ್ದರಿಂದ ಸಂಕೇತ ಬಹಳ ದೂರ ಹೋಗಲಿಲ್ಲ. ಆದರೂ ದಡದಲ್ಲಿದ್ದ ಸಿಯಾಸ್ಕಾನ್ಸೆಟ್ ಕೇಂದ್ರಕ್ಕೆ ತಲುಪಿತು. ಅಲ್ಲಿದ್ದ ಶಕ್ತಿಶಾಲಿ ಪ್ರೇಷಕ ಅದೇ ಕರೆಯನ್ನು ಸುತ್ತಲಿನ ಹಡಗುಗಳಿಗೆಲ್ಲ ಸಾರಿತು. ಬಾಲ್ಟಿಕ್ ಎಂಬ ಹಡಗು ಮಂಜಿನಲ್ಲಿ ಗಂಟೆಗಟ್ಟಲೆ ಹುಡುಕಿ ಕೊನೆಗೂ ರಿಪಬ್ಲಿಕ್ ಬಳಿ ಬಂತು. ಅಷ್ಟು ಹೊತ್ತೂ ಕೊರೆಯುವ ಚಳಿಯಲ್ಲಿ ಕುಳಿತು ಬಿನ್ಸ್ ಸಂಕೇತ ಕಳುಹಿಸುತ್ತಲೇ ಇದ್ದ. ಡಿಕ್ಕಿಯಲ್ಲಿ ಕೆಲವರು ಸತ್ತಿದ್ದರು. ಉಳಿದ ಜನ, ಎರಡೂ ಹಡಗುಗಳಿಂದ 1,500ಕ್ಕೂ ಹೆಚ್ಚು ಮಂದಿ, ಬದುಕಿದರು. ಮರುದಿನ ರಿಪಬ್ಲಿಕ್ ಮುಳುಗಿತು.

ಅದೇ 1909ರಲ್ಲಿ ಮಾರ್ಕೋನಿಗೆ ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ ಅವರ ಜೊತೆಯಲ್ಲಿ ಭೌತಶಾಸ್ತ್ರದ ನೊಬೆಲ್ ಬಹುಮಾನ ಬಂತು. ಆಗ ಆತನಿಗೆ 35 ವರ್ಷ.

ವೈರು ಯಾವ ದಾರಿಯಲ್ಲಿ ಹೋಗಬೇಕು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಇಂದಿನ ಒಂದು ಮೋಟಾರು ದೋಣಿಯನ್ನು ತೆಗೆದುಕೊಳ್ಳಿ. ಟ್ರ್ಯಾಕ್ಟರಿನಲ್ಲಿರುವಂತೆ ಅದರಲ್ಲೂ 12 ವೋಲ್ಟ್ ಬ್ಯಾಟರಿ ಇರುತ್ತದೆ. ಅದರೊಳಗೆ ಆರು ಕೋಶಗಳು, ಒಂದೊಂದೂ ಸುಮಾರು 2 ವೋಲ್ಟಿನದು. ಪ್ರತಿ ಕೋಶದಲ್ಲಿ ಸೀಸದ ಫಲಕಗಳು ಗಂಧಕಾಮ್ಲ ಬೆರೆತ ನೀರಿನಲ್ಲಿ ಮುಳುಗಿರುತ್ತವೆ. ಎಂಜಿನ್ ಓಡುವಾಗ ಅದರ ಜೊತೆ ತಿರುಗುವ ಆಲ್ಟರ್ನೇಟರ್ ವಿದ್ಯುತ್ ತಯಾರಿಸಿ ಈ ಬ್ಯಾಟರಿಗೆ ತುಂಬುತ್ತದೆ. ಎಂದರೆ ಎಂಜಿನ್ ಬ್ಯಾಟರಿಯನ್ನು ತುಂಬಿಸುತ್ತದೆ, ಬ್ಯಾಟರಿ ರೇಡಿಯೊವನ್ನು ನಡೆಸುತ್ತದೆ. ರೇಡಿಯೊಗೆ ಬೇಕಾದುದು ಬ್ಯಾಟರಿಯೇ ಹೊರತು ಓಡುವ ಎಂಜಿನ್ ಅಲ್ಲ.

ಹಾಗಿದ್ದರೂ ಎಂಜಿನ್ ನಿಲ್ಲಿಸಿದಾಗ ಕೆಲವು ರೇಡಿಯೊ ಏಕೆ ನಿಲ್ಲುತ್ತದೆ? ಅದರ ವೈರು ಎಂಜಿನ್ನಿನ ಕೀಲಿಯ ಮೂಲಕ ಹೋಗಿರುತ್ತದೆ. ಕೀಲಿ ಎಂದರೆ ಒಂದು ಸ್ವಿಚ್. ಅದನ್ನು ಮುಚ್ಚಿದರೆ ಅದರ ಆಚೆ ಇರುವ ಎಲ್ಲದಕ್ಕೂ ವಿದ್ಯುತ್ ಕಡಿದುಹೋಗುತ್ತದೆ. ರೇಡಿಯೊ ವೈರನ್ನು ಕೀಲಿಯ ಆಚೆಯಿಂದ ಬಿಡಿಸಿ, ಬ್ಯಾಟರಿಯಿಂದಲೇ ಬೇರೆ ದಾರಿಯಲ್ಲಿ ತಂದು, ಅದಕ್ಕೆ ತನ್ನದೇ ಸ್ವಿಚ್ ಇಟ್ಟರೆ ಎಂಜಿನ್ ನಿಂತರೂ ರೇಡಿಯೊ ನಡೆಯುತ್ತದೆ. ಕೆಲವು ವಾಹನಗಳಲ್ಲಿ ಕೀಲಿಯನ್ನು ಅರ್ಧ ತಿರುಗಿಸಿದಾಗ ರೇಡಿಯೊಗೆ ಮಾತ್ರ ವಿದ್ಯುತ್ ಸಿಗುವ ಏರ್ಪಾಡೂ ಇರುತ್ತದೆ.

ಇಲ್ಲಿ ಮೂರು ಎಚ್ಚರಿಕೆಗಳಿವೆ. ಮೊದಲನೆಯದು, ಬ್ಯಾಟರಿಯ ಹತ್ತಿರವೇ ಒಂದು ಫ್ಯೂಸ್ ಇರಬೇಕು. ಎಲ್ಲಾದರೂ ವೈರಿನ ಹೊದಿಕೆ ಸವೆದು ಶಾರ್ಟ್ ಸರ್ಕ್ಯೂಟ್ ಆದರೆ ಫ್ಯೂಸ್ ಕರಗಿ ಬೆಂಕಿಯನ್ನು ತಪ್ಪಿಸುತ್ತದೆ. ಎರಡನೆಯದು, ಟ್ರ್ಯಾಕ್ಟರಿನ ಮೈಯೆಲ್ಲ ಕಬ್ಬಿಣ. ವಿದ್ಯುತ್ ಹಿಂದಿರುಗಲು ಅದೇ ದಾರಿಯಾಗಬಲ್ಲದು. ಮರದ ದೋಣಿಯಲ್ಲಿ ಹಾಗಾಗದು. ಅಲ್ಲಿ ಹೋಗುವ ವೈರಿನ ಜೊತೆಗೆ ಹಿಂದಿರುಗುವ ವೈರೂ ಬೇಕು.

ಮೂರನೆಯದು ಬಹಳ ಮುಖ್ಯ. ಎಂಜಿನ್ ನಿಂತಾಗ ಬ್ಯಾಟರಿಗೆ ವಿದ್ಯುತ್ ತುಂಬುವವರಿಲ್ಲ. 60 ಆಂಪಿಯರ್-ಗಂಟೆಯ ಬ್ಯಾಟರಿ ಇದೆ, ರೇಡಿಯೊ 1 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. 60ನ್ನು 1ರಿಂದ ಭಾಗಿಸಿದರೆ ಲೆಕ್ಕಕ್ಕೆ 60 ಗಂಟೆ. ಆದರೆ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಿದರೆ ಅದು ಹಾಳಾಗುತ್ತದೆ. ಅರ್ಧ ಮಾತ್ರ ಬಳಸಿದರೆ 30 ಗಂಟೆ. ಅಷ್ಟೇ ಅಲ್ಲ, ಎಂಜಿನ್ನನ್ನು ಮತ್ತೆ ಚಾಲೂ ಮಾಡುವ ಸ್ಟಾರ್ಟರ್ ಮೋಟಾರಿಗೆ ಒಮ್ಮೆಲೇ ನೂರಕ್ಕೂ ಹೆಚ್ಚು ಆಂಪಿಯರ್ ಬೇಕಾಗಬಹುದು. ಹಾಡು ಕೇಳುತ್ತಾ ಬ್ಯಾಟರಿ ಖಾಲಿ ಮಾಡಿದವನು ನಡುನೀರಿನಲ್ಲಿ ಎಂಜಿನ್ ಚಾಲೂ ಮಾಡಲಾಗದೆ ಸಿಕ್ಕಿಕೊಳ್ಳುತ್ತಾನೆ. ಅದಕ್ಕೇ ಹಲವು ದೋಣಿಗಳಲ್ಲಿ ಎರಡು ಬ್ಯಾಟರಿ ಇರುತ್ತವೆ. ಒಂದು ಎಂಜಿನ್ ಚಾಲೂ ಮಾಡಲು ಮೀಸಲು, ಇನ್ನೊಂದು ರೇಡಿಯೊ ಮತ್ತು ದೀಪಗಳಿಗೆ.

ಟೈಟಾನಿಕ್ ಕಲಿಸಿದ ಪಾಠ

1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಡಗು ನೀರ್ಗಲ್ಲಿಗೆ ತಾಗಿದ ಕಥೆ ನಿಮಗೆ ಗೊತ್ತಿರಬಹುದು. ಅದರ ರೇಡಿಯೊ ಕೋಣೆಯಲ್ಲಿದ್ದ ಜಾಕ್ ಫಿಲಿಪ್ಸ್ ಮತ್ತು ಹೆರಾಲ್ಡ್ ಬ್ರೈಡ್ ಇಬ್ಬರೂ ಮಾರ್ಕೋನಿ ಕಂಪನಿಯವರು. ಹಡಗು ಮುಳುಗುತ್ತಿದ್ದರೂ ಕೆಳಗೆ ಎಂಜಿನಿಯರುಗಳು ಡೈನಮೊಗಳನ್ನು ಬಹುಕಾಲ ನಿಲ್ಲದಂತೆ ನೋಡಿಕೊಂಡರು. ಅದರಿಂದ ರೇಡಿಯೊಗೆ ವಿದ್ಯುತ್ ಸಿಕ್ಕಿತು. ಕರೆ ಕೇಳಿದ ಕಾರ್ಪೇಥಿಯಾ ಹಡಗು ಬಂದು ಸುಮಾರು 700 ಜನರನ್ನು ಉಳಿಸಿತು. ಸುಮಾರು 1,500 ಜನ ಸತ್ತರು. ಫಿಲಿಪ್ಸ್ ಮತ್ತು ಆ ಎಂಜಿನಿಯರುಗಳು ಹಿಂದಿರುಗಲಿಲ್ಲ.

ಕಾರ್ಪೇಥಿಯಾಕ್ಕಿಂತ ಹತ್ತಿರದಲ್ಲಿ ಕ್ಯಾಲಿಫೋರ್ನಿಯನ್ ಎಂಬ ಇನ್ನೊಂದು ಹಡಗು ಇತ್ತು. ಅದರಲ್ಲಿದ್ದ ಒಬ್ಬನೇ ರೇಡಿಯೊ ನೌಕರ ದಿನದ ಕೆಲಸ ಮುಗಿಸಿ ಮಲಗಿದ್ದ. ಕರೆ ಗಾಳಿಯಲ್ಲಿತ್ತು, ಕೇಳುವ ಕಿವಿ ಇರಲಿಲ್ಲ.

ಈ ದುರಂತದ ನಂತರ ಕಾನೂನುಗಳು ಬದಲಾದವು. ಅದೇ 1912ರ ಜುಲೈನಲ್ಲಿ ಅಮೆರಿಕ ಒಂದು ಕಾಯಿದೆ ಮಾಡಿತು. ಪ್ರಯಾಣಿಕ ಹಡಗಿನ ರೇಡಿಯೊಗೆ ಹಡಗಿನ ಮುಖ್ಯ ವಿದ್ಯುತ್ತನ್ನು ಅವಲಂಬಿಸದ ಬೇರೆಯೇ ವಿದ್ಯುತ್ ಮೂಲ ಇರಬೇಕು, ಅದು ಕನಿಷ್ಠ 4 ಗಂಟೆ ಕೆಲಸ ಮಾಡಬೇಕು ಎಂಬುದು ಅದರ ಒಂದು ನಿಯಮ. ಹಗಲು ರಾತ್ರಿ ಯಾರಾದರೊಬ್ಬರು ಕಿವಿಗೊಟ್ಟು ಕುಳಿತಿರಬೇಕು ಎಂಬುದು ಇನ್ನೊಂದು. 1914ರಲ್ಲಿ ಲಂಡನ್ನಿನಲ್ಲಿ ಹಲವು ದೇಶಗಳು ಸೇರಿ ಸಮುದ್ರಯಾನದ ಸುರಕ್ಷತೆಗೆ ಒಪ್ಪಂದ ಮಾಡಿಕೊಂಡವು. ಬಿನ್ಸ್ ಕತ್ತಲಲ್ಲಿ ಮಾಡಿದ ಕೆಲಸ ಈಗ ನಿಯಮವಾಯಿತು. ಎಂಜಿನ್ ನಿಂತರೂ ದನಿ ನಿಲ್ಲಬಾರದು.

ತೇಲುವ ಪ್ರಯೋಗಶಾಲೆ

1912ರಲ್ಲಿಯೇ ಒಂದು ಕಾರು ಅಪಘಾತದಲ್ಲಿ ಮಾರ್ಕೋನಿ ಬಲಗಣ್ಣನ್ನು ಕಳೆದುಕೊಂಡ. ಆದರೂ ಕೆಲಸ ನಿಲ್ಲಲಿಲ್ಲ. 1919ರಲ್ಲಿ ಆತ ಒಂದು ಹಡಗನ್ನು ಕೊಂಡು ಅದಕ್ಕೆ ಎಲೆತ್ರಾ ಎಂದು ಹೆಸರಿಟ್ಟ. ಅದು ಆತನ ಮನೆಯೂ ಹೌದು, ತೇಲುವ ಪ್ರಯೋಗಶಾಲೆಯೂ ಹೌದು. ಕಡಿಮೆ ಶಕ್ತಿಯಿಂದಲೇ ಬಹುದೂರ ಹೋಗುವ ಕಿರುತರಂಗಗಳ ಬಗ್ಗೆ ಆತ ಅದರಲ್ಲಿ ಅಧ್ಯಯನ ಮಾಡಿದ. 1930ರ ಮಾರ್ಚ್ 26ರಂದು ಇಟಲಿಯ ಜಿನೋವಾ ಬಂದರಿನಲ್ಲಿ ನಿಂತಿದ್ದ ಎಲೆತ್ರಾದಿಂದ ಸಂಕೇತ ಕಳುಹಿಸಿ, ಭೂಮಿಯ ಇನ್ನೊಂದು ಬದಿಯಲ್ಲಿರುವ ಆಸ್ಟ್ರೇಲಿಯದ ಸಿಡ್ನಿ ಪುರಭವನದ ದೀಪಗಳನ್ನು ಬೆಳಗಿಸಿದ.

ಮಾರ್ಕೋನಿಯ ಬದುಕಿನಲ್ಲಿ ಮೆಚ್ಚಲಾಗದ ಅಂಶವೂ ಇದೆ. ಆತ 1923ರಲ್ಲಿ ಇಟಲಿಯ ಸರ್ವಾಧಿಕಾರಿ ಮುಸ್ಸೋಲಿನಿಯ ಫ್ಯಾಸಿಸ್ಟ್ ಪಕ್ಷ ಸೇರಿದ ಮತ್ತು ಆತನ ಬೆಂಬಲಿಗನಾಗಿಯೇ ಉಳಿದ. ಒಬ್ಬ ವ್ಯಕ್ತಿಯ ವಿಜ್ಞಾನವನ್ನು ಮೆಚ್ಚುವಾಗ ಆತನ ಎಲ್ಲ ನಡೆಗಳನ್ನೂ ಒಪ್ಪಬೇಕಾಗಿಲ್ಲ.

1937ರ ಜುಲೈ 20ರಂದು ರೋಮ್ ನಗರದಲ್ಲಿ ಮಾರ್ಕೋನಿ ತೀರಿಕೊಂಡ. ಆತನ ಗೌರವಾರ್ಥ ಬ್ರಿಟನ್ನಿನ ರೇಡಿಯೊ ಕೇಂದ್ರಗಳು ಎರಡು ನಿಮಿಷ ಮೌನವಾದವು.

ನಮ್ಮ ಸುತ್ತಮುತ್ತ

ಮಾರ್ಕೋನಿ ಬದುಕಿದ್ದಾಗಲೇ ರೇಡಿಯೊ ನಮ್ಮ ಸೀಮೆಗೂ ಬಂತು. 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಆಕಾಶವಾಣಿ ಎಂಬ ಹೆಸರು ಬಂದದ್ದು ಆ ಕೇಂದ್ರದಿಂದಲೇ. ಚಾಮರಾಜನಗರ, ಗುಂಡ್ಲುಪೇಟೆ ಆಗ ಮೈಸೂರು ಜಿಲ್ಲೆಯಲ್ಲಿದ್ದವು. ವಿದ್ಯುತ್ ತಲುಪದ ಹಳ್ಳಿಗಳಲ್ಲಿ ಜನ ರೇಡಿಯೊ ಕೇಳಿದ್ದು ಬ್ಯಾಟರಿಯಿಂದಲೇ.

ಇಂದು ಬಂಡೀಪುರದ ಕಾಡಿನೊಳಗೆ ಅರಣ್ಯ ಸಿಬ್ಬಂದಿ ಉಳಿಯುವ ಶಿಬಿರಗಳನ್ನು ನೆನೆಯಿರಿ. ಅವರ ಕೈಯಲ್ಲಿ ವಾಕಿ-ಟಾಕಿ ಇರುತ್ತದೆ. ಅದೂ ರೇಡಿಯೊ ತಾನೆ? ಕಾಡಿನ ನಡುವೆ ಬ್ಯಾಟರಿ ತುಂಬಲು ಅಲ್ಲಿ ಎಂಜಿನ್ ಬದಲು ಸೌರಫಲಕ ಬಳಸುತ್ತಾರೆ. ನಮ್ಮ ರಾಜ್ಯದ ಮಲ್ಪೆ, ಮಂಗಳೂರು ಬಂದರುಗಳಿಂದ ಆಳ ಸಮುದ್ರಕ್ಕೆ ಹೋಗುವ ಮೀನುಗಾರಿಕಾ ದೋಣಿಗಳಲ್ಲೂ ವಯರ್‌ಲೆಸ್ ಇರುತ್ತದೆ. ಎಂಜಿನ್ ಕೆಟ್ಟು ದೋಣಿ ತೇಲುತ್ತಿರುವಾಗ ದಡವನ್ನು ಕೂಗುವುದು ಅದೇ. ಹಡಗುಗಳಲ್ಲಿ ಮೋರ್ಸ್ ಸಂಕೇತದ ಜಾಗಕ್ಕೆ 1999ರಲ್ಲಿ ಉಪಗ್ರಹಗಳ ಹೊಸ ವ್ಯವಸ್ಥೆ ಬಂದಿದೆ. ಆದರೆ ತುರ್ತು ರೇಡಿಯೊಗೆ ಬೇರೆಯೇ ವಿದ್ಯುತ್ ಇರಬೇಕು ಎಂಬ ನಿಯಮ ಮಾತ್ರ ಹಾಗೆಯೇ ಇದೆ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಟಾರ್ಚಿನ ಎರಡು ಶುಷ್ಕಕೋಶಗಳು, ಎರಡು ಟಾರ್ಚ್ ಬಲ್ಬುಗಳು, ತೆಳು ವೈರು, ರಟ್ಟು, ನಾಲ್ಕು ಡ್ರಾಯಿಂಗ್ ಪಿನ್ನುಗಳು, ಎರಡು ಸೇಫ್ಟಿ ಪಿನ್ನುಗಳು.

1. ರಟ್ಟಿನ ಮೇಲೆ ಎರಡು ಡ್ರಾಯಿಂಗ್ ಪಿನ್ನುಗಳನ್ನು ಚುಚ್ಚಿ, ಒಂದಕ್ಕೆ ಸೇಫ್ಟಿ ಪಿನ್ ಸಿಕ್ಕಿಸಿ. ಅದನ್ನು ತಿರುಗಿಸಿ ಇನ್ನೊಂದು ಪಿನ್ನಿಗೆ ತಾಗಿಸಿದರೆ ಸ್ವಿಚ್ ಸಿದ್ಧ. ಹೀಗೆ ಎರಡು ಸ್ವಿಚ್ ಮಾಡಿ.

2. ಒಂದು ಬಲ್ಬಿಗೆ ಎಂಜಿನ್ ಎಂದೂ ಇನ್ನೊಂದಕ್ಕೆ ರೇಡಿಯೊ ಎಂದೂ ಹೆಸರಿಡಿ. ಕೋಶಗಳ ಧನ ತುದಿಯಿಂದ ವೈರನ್ನು ಮೊದಲ ಸ್ವಿಚ್ಚಿಗೆ ತನ್ನಿ. ಸ್ವಿಚ್ಚಿನ ಆಚೆಯಿಂದ ಎರಡೂ ಬಲ್ಬುಗಳಿಗೆ ಬೇರೆಬೇರೆ ವೈರು ಕೊಡಿ. ಎರಡೂ ಬಲ್ಬುಗಳ ಇನ್ನೊಂದು ತುದಿ ಕೋಶಗಳ ಋಣ ತುದಿಗೆ ಸೇರಲಿ. ಸ್ವಿಚ್ ತೆಗೆದರೆ ಏನಾಗುತ್ತದೆ?

3. ಈಗ ರೇಡಿಯೊ ಬಲ್ಬಿನ ವೈರನ್ನು ಮೊದಲ ಸ್ವಿಚ್ಚಿನಿಂದ ಬಿಡಿಸಿ. ಎರಡನೆಯ ಸ್ವಿಚ್ಚಿನ ಮೂಲಕ ನೇರವಾಗಿ ಕೋಶಗಳ ಧನ ತುದಿಗೆ ಸೇರಿಸಿ. ಎರಡನೆಯ ಸ್ವಿಚ್ ಹಾಕಿ, ಮೊದಲನೆಯದನ್ನು ತೆಗೆಯಿರಿ. ಈಗ ಯಾವ ಬಲ್ಬು ಉರಿಯುತ್ತದೆ? ಏಕೆ? ಎರಡೂ ವಿದ್ಯುತ್ ಮಂಡಲಗಳ ಚಿತ್ರ ಬರೆದು ಶಿಕ್ಷಕರಿಗೆ ತೋರಿಸಿ.

ಎಚ್ಚರಿಕೆ: ಈ ಪ್ರಯೋಗಕ್ಕೆ ಟಾರ್ಚಿನ ಶುಷ್ಕಕೋಶಗಳನ್ನು ಮಾತ್ರ ಬಳಸಿ. ವಾಹನದ ಬ್ಯಾಟರಿಯನ್ನಾಗಲಿ ಮನೆಯ ವಿದ್ಯುತ್ತನ್ನಾಗಲಿ ಮುಟ್ಟಲೇಬೇಡಿ.